ದುಡಿ ಸದ್ದು ಕೇಳಿದ ಪುಟಗಳು

ಹೈಸ್ಕೂಲು ಮುಗಿಸುತ್ತಿರುವ ಮಗನಿಗೋ ಮಗಳಿಗೋ ‘ಗಟ್ಟಿಯಾದ ಕಾದಂಬರಿ ಓದಿಸಬೇಕು, ಯಾವುದು ಕೊಡೋಣ?’ ಎಂದು ಕೇಳುವ ತಂದೆತಾಯಿಯರು ಬಹಳ. ಅವರಲ್ಲಿ ಹೆಚ್ಚಿನವರ ಕೈ ಹೋಗುವುದು ಕಪಾಟಿನ ಅತಿ ದಪ್ಪ ಪುಸ್ತಕದ ಮೇಲೆ. ಐವತ್ತು ಪುಟ ದಾಟುವುದರೊಳಗೆ ಮಕ್ಕಳ ಓದು ನಿಂತುಹೋಗುತ್ತದೆ. ಆ ವಯಸ್ಸಿಗೆ ಬೇಕಾದ್ದು ಬೇಗ ಮುಗಿಯುವ, ಮುಗಿದ ಮೇಲೂ ಕಾಡುವ ಪುಸ್ತಕ.

ನನ್ನ ಮೊದಲ ಆಯ್ಕೆ ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಬಂದ ಪುಟ್ಟ ಕಾದಂಬರಿ. ಕಥೆ ಯಾರಿಗಾದರೂ ತಿಳಿಯುತ್ತದೆ. ಚೋಮನ ಹತ್ತಿರ ಜೋಡಿ ಎತ್ತುಗಳಿವೆ, ಉಳಲು ತುಂಡು ನೆಲವಿಲ್ಲ. ಅಸ್ಪೃಶ್ಯ ಬೇಸಾಯಗಾರನಾಗುವುದನ್ನು ಊರು ಒಪ್ಪುವುದಿಲ್ಲ. ಕಾಫಿ ತೋಟದ ಸಾಲ ಮಕ್ಕಳನ್ನು ಎಳೆದುಕೊಳ್ಳುತ್ತದೆ. ಗುಡಿಸಲಿನಲ್ಲಿ ಅವನದೆಂದು ಉಳಿಯುವುದು ಒಂದು ದುಡಿ.

‘ದುಡಿ ಯಾವುದರ ಸಂಕೇತ?’ ಎಂದು ಮೊದಲೇ ಕೇಳಬೇಡಿ. ಕೇಳಿದರೆ ‘ಶೋಷಿತರ ದನಿಯ ಸಂಕೇತ’ ಎಂಬ ಪರೀಕ್ಷೆಯ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅದರ ಬದಲು ಕೈಗೊಂದು ಪೆನ್ಸಿಲ್ ಕೊಡಿ. ದುಡಿ ಸದ್ದು ಮಾಡಿದ ಕಡೆಯೆಲ್ಲ ಅಂಚಿನಲ್ಲಿ ಒಂದು ಗೆರೆ ಎಳೆಯಲಿ. ಪುಸ್ತಕ ಮುಗಿದ ಮೇಲೆ ಆ ಪುಟಗಳನ್ನಷ್ಟೇ ಮತ್ತೆ ಒಟ್ಟಿಗೆ ಓದಿ. ಸದ್ದಿಗೆ ಸ್ವಲ್ಪ ಮುಂಚೆ ಏನಾಗಿತ್ತು? ಗುಡಿಸಲಲ್ಲಿ ಯಾರಿದ್ದರು, ಯಾರು ಇರಲಿಲ್ಲ? ಧಣಿಯ ಮುಂದೆ ಬಾಯಿಬಿಡಲಾರದವನು ಮನೆಗೆ ಬಂದು ದುಡಿ ಎತ್ತಿಕೊಳ್ಳುತ್ತಾನೆ ಎಂಬುದು ಆಗ ಹುಡುಗರ ಕಣ್ಣಿಗೇ ಬೀಳುತ್ತದೆ. ಖುಷಿಗೂ ಅದೇ, ಸಿಟ್ಟಿಗೂ ಅದೇ, ಸಂಕಟಕ್ಕೂ ಅದೇ. ಕೊನೆಯ ಬಾರಿ ಅದು ಮೊಳಗುವ ಹೊತ್ತಿಗೆ ಯಾರೂ ವಿವರಿಸಬೇಕಾಗಿಲ್ಲ. ಆಮೇಲೆ ಎತ್ತುಗಳ ಕಡೆ ತಿರುಗಿ: ನೆಲವಿಲ್ಲದವನಿಗೆ ಎತ್ತು ಯಾಕೆ? ಈ ಒಂದು ಪ್ರಶ್ನೆಗೆ ಒಂದು ಸಂಜೆ ಸಾಲುವುದಿಲ್ಲ.

ಸಂಕೇತ ಹುಡುಕುವ ಹುಮ್ಮಸ್ಸಿಗೆ ಲಗಾಮೂ ಬೇಕು. ಚೋಮನ ಮಗ ಹೊಳೆಯಲ್ಲಿ ಮುಳುಗುತ್ತಾನೆ. ನೋಡಿದವರು ಜಾತಿಯ ದೆಸೆಯಿಂದ ಎತ್ತುವುದಿಲ್ಲ. ಆ ನೀರಿನ ಸಾಂಕೇತಿಕತೆ ಕುರಿತು ಟಿಪ್ಪಣಿ ಬರೆಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಒಬ್ಬ ಹುಡುಗ ಸತ್ತಿದ್ದಾನೆ. ಮಕ್ಕಳು ಆ ಪುಟದ ಮುಂದೆ ಸುಮ್ಮನಿದ್ದರೆ ಸುಮ್ಮನಿರಲು ಬಿಡಿ.

ಪ್ರಾಣಿ, ಕಾಡು ಎಂದರೆ ಕಣ್ಣರಳಿಸುವ ಹುಡುಗರಿಗೆ ತೇಜಸ್ವಿಯವರ ‘ಕರ್ವಾಲೊ’ ಮೊದಲಿರಲಿ. ಅಲ್ಲಿನ ಹಾರುವ ಓತಿ ಕಲ್ಪನೆಯಲ್ಲ. ಪಶ್ಚಿಮಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಉದ್ದಕ್ಕೆ ಚಾಚಿದ ಪಕ್ಕೆಲುಬುಗಳ ಮೇಲಿನ ಚರ್ಮವೇ ಅದಕ್ಕೆ ರೆಕ್ಕೆ. ಮೊದಲು ಆ ಜೀವಿಯನ್ನು ಚಿತ್ರದಲ್ಲಾದರೂ ತೋರಿಸಿ. ಅಷ್ಟು ಜನ ಅಷ್ಟು ಅಲೆದು ಹುಡುಕಿದ್ದು ಕೈಗೆ ಸಿಗದೆ ತೇಲಿಹೋಗುವುದೇಕೆಂಬ ಚರ್ಚೆ ಆಮೇಲೆ ತಾನಾಗಿ ಶುರುವಾಗುತ್ತದೆ. ಓತಿ ನಿಜವಾದಷ್ಟೂ ಸಂಕೇತಕ್ಕೆ ಬಲ ಹೆಚ್ಚು.

ಪಿಯುಸಿ ಹೊತ್ತಿಗೆ ಅನಂತಮೂರ್ತಿಯವರ ‘ಸಂಸ್ಕಾರ’ (1965) ಕೊಡಬಹುದು: ಸಾಯುವ ಇಲಿಗಳು, ಮಾಡಿನ ಮೇಲಿಳಿಯುವ ಹದ್ದುಗಳು ಪೆನ್ಸಿಲ್ಲಿಗೆ ಬೇಕಾದಷ್ಟು ಕೆಲಸ ಕೊಡುತ್ತವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಇರುವೆಗಳನ್ನು ಹಿಂಬಾಲಿಸಿದರೆ ಸಾಕು. ದೇವನೂರರ ‘ಕುಸುಮಬಾಲೆ’ಯನ್ನು ಮಾತ್ರ ಒಬ್ಬೊಬ್ಬರೇ ಓದಲು ಬಿಡಬೇಡಿ. ಅದರ ನುಡಿ ಕಿವಿಗೆ ಬಿದ್ದರೇ ಬಿಚ್ಚಿಕೊಳ್ಳುವುದು. ಮನೆಯವರು ಸರದಿಯಲ್ಲಿ ಗಟ್ಟಿಯಾಗಿ ಓದಬೇಕು.

ಮಕ್ಕಳಿಗೆ ಪುಸ್ತಕ ಕೊಟ್ಟು ತಾವು ಮೊಬೈಲ್ ಹಿಡಿದು ಕೂರುವ ದೊಡ್ಡವರಿಂದ ಇದು ಯಾವುದೂ ಆಗದು. ಈ ರಜೆಯಲ್ಲಿ ‘ಚೋಮನ ದುಡಿ’ಯ ಎರಡು ಪ್ರತಿ ಕೊಳ್ಳಿ. ಒಂದು ಅವರಿಗೆ, ಒಂದು ನಿಮಗೆ.