ಬಂದು ಹೋಗ್ಯಾದ್ರಿ: ಐದು ಸಾಲುಗಳ ವ್ಯಾಖ್ಯಾನ

"ನನಗ ಬಂದು ಹೋಗ್ಯಾದ್ರಿ." 2021ರ ಮಳೆಗಾಲದಲ್ಲಿ ಕಮಲಾಪುರದ ಸುತ್ತಮುತ್ತ ಈ ಮಾತು ಎಲ್ಲೆಲ್ಲೂ ಕೇಳುತ್ತಿತ್ತು. ಏನು ಬಂದು ಹೋಯಿತು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ, ಕೇಳಿದವರಿಗೆ ಗೊತ್ತಿರುತ್ತಿತ್ತು. ಜ್ವರ, ಮೈಕೈ ನೋವು, ನಾಲಿಗೆಗೆ ರುಚಿಯಿಲ್ಲ, ಹದಿನೈದು ದಿನ ಮೂಲೆಯಲ್ಲಿ ಮಲಗಿ ಎದ್ದದ್ದು. ಈ ಮಾತಿಗೆ ಕಚೇರಿಯ ಮೇಜಿನಾಚೆಯಿಂದ ಬರುತ್ತಿದ್ದ ಉತ್ತರವೂ ಒಂದೇ: "ಹೌದ್ರಿ, ಆದ್ರ ಕಾಗದ ಎಲ್ಲದ?"

ಆ ವರ್ಷ ನಮ್ಮನ್ನಾಳಿದ ನಿಯಮಗಳಿಂದ ಐದು ಸಾಲುಗಳನ್ನು ಆಯ್ದು ವ್ಯಾಖ್ಯಾನ ಬರೆಯುತ್ತಿದ್ದೇನೆ. ಆದೇಶಗಳ ಭಾಷೆಯನ್ನು ಇದ್ದ ಹಾಗೇ ಎತ್ತಿಲ್ಲ, ಸಾರವನ್ನು ನನ್ನ ಮಾತಿನಲ್ಲಿ ಇಟ್ಟಿದ್ದೇನೆ. ಕೆಲವು ಸಾಲು ಬೆಂಗಳೂರಿನವು, ಕೆಲವು ದಿಲ್ಲಿಯವು.

"ಮಹಾರಾಷ್ಟ್ರದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿಯನ್ನಾಗಲಿ, ಕನಿಷ್ಠ ಒಂದು ಡೋಸ್ ಲಸಿಕೆಯ ಪ್ರಮಾಣಪತ್ರವನ್ನಾಗಲಿ ತೋರಿಸಬೇಕು."

2021ರ ಜುಲೈ ಮೊದಲ ವಾರದ ಹೊತ್ತಿಗೆ ಇದ್ದ ನಿಯಮ ಇದು. ಕಲಬುರಗಿಗೆ ಮಹಾರಾಷ್ಟ್ರ ಪರದೇಶವಲ್ಲ. ಆಳಂದ, ಅಫಜಲಪುರ ತಾಲ್ಲೂಕುಗಳ ಅಂಚಿಗೇ ಸೊಲ್ಲಾಪುರ ಜಿಲ್ಲೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯ ಮೇಲಿರುವ ಕಮಲಾಪುರ ಹೊರಗಿನವರಿಗೆ ಕೆಂಪು ಬಾಳೆಹಣ್ಣಿನಿಂದ ಗೊತ್ತು. ಸುತ್ತಲಿನ ತಾಂಡಾಗಳವರಿಗೆ ಅದು ಮುಂಬೈ, ಪುಣೆಗೆ ಗುಳೆ ಹೋಗುವ ದಾರಿ. 2020ರ ಮೇ ತಿಂಗಳಲ್ಲಿ ಆ ಜನ ಗಂಟುಮೂಟೆ ಕಟ್ಟಿಕೊಂಡು ಮರಳಿದಾಗ ಶಾಲೆ, ಹಾಸ್ಟೆಲುಗಳೇ ಕ್ವಾರಂಟೈನ್ ಕೇಂದ್ರಗಳಾದವು. ದೇಶದ ಮೊದಲ ಕೋವಿಡ್ ಸಾವು ಇದೇ ಕಲಬುರಗಿಯ ವೃದ್ಧರೊಬ್ಬರದು, 2020ರ ಮಾರ್ಚ್ 10ರಂದು. ಆದ್ದರಿಂದ ಈ ಊರು ಹೆದರಿದ್ದನ್ನು ನಾನು ತಪ್ಪೆನ್ನಲಾರೆ.

ಈ ಸಾಲಿನ ಜೀವ ಇರುವುದು 'ಆಗಲಿ' ಎಂಬ ಪದದಲ್ಲಿ. ಎರಡು ಬಾಗಿಲುಗಳಿವೆ: ಒಂದು ಪರೀಕ್ಷೆಯದು, ಇನ್ನೊಂದು ಲಸಿಕೆಯದು. ಮೂರನೆಯ ಬಾಗಿಲು, ಅಂದರೆ ಸೋಂಕು ತಗಲಿ ಗುಣವಾದವರದು, ಇಲ್ಲವೇ ಇಲ್ಲ. ಅವರು ಪರೀಕ್ಷೆಯ ಬಾಗಿಲಿನಿಂದ ಬರಲಿ ಅನ್ನಬಹುದು. ಆದರೆ ಆ ಬಾಗಿಲು ಅವರಿಗೇ ಕಿರಿದು. ಆರ್‌ಟಿಪಿಸಿಆರ್ ಹುಡುಕುವುದು ವೈರಾಣುವಿನ ತುಣುಕನ್ನು. ಕಾಯಿಲೆ ಕಳೆದು, ಇನ್ನೊಬ್ಬರಿಗೆ ಹರಡುವ ಶಕ್ತಿ ಹೋದ ಮೇಲೂ ಸತ್ತ ತುಣುಕುಗಳು ಕೆಲವರ ಮೂಗಿನಲ್ಲಿ ವಾರಗಟ್ಟಲೆ ಸಿಗುತ್ತವೆ. ಅದಕ್ಕೇ 2020ರ ಮೇ ತಿಂಗಳಲ್ಲೇ ಕೇಂದ್ರ ಸರ್ಕಾರ ಸೌಮ್ಯ ಲಕ್ಷಣದವರನ್ನು ಮರುಪರೀಕ್ಷೆಯಿಲ್ಲದೆ ಮನೆಗೆ ಕಳಿಸಲು ಹೇಳಿತ್ತು. 2021ರ ಮೇ 4ರಂದು ಐಸಿಎಂಆರ್ ಇನ್ನೂ ಮುಂದೆ ಹೋಯಿತು: ಒಮ್ಮೆ ಪಾಸಿಟಿವ್ ಬಂದವರಿಗೆ ಮತ್ತೆ ಆರ್‌ಟಿಪಿಸಿಆರ್ ಬೇಡ, ಆರೋಗ್ಯವಂತ ಅಂತರರಾಜ್ಯ ಪ್ರಯಾಣಿಕರಿಗೂ ಅದರ ಅಗತ್ಯ ತೆಗೆದುಹಾಕಬಹುದು ಎಂದಿತು. ಎರಡೇ ತಿಂಗಳಿಗೆ ಗಡಿಯಲ್ಲಿ ನಿಂತವನಿಗೆ ಅದೇ ಪರೀಕ್ಷೆ ಬೇಕಾಯಿತು. ಒಮ್ಮೆ ಲಸಿಕೆ ಚುಚ್ಚಿಸಿಕೊಂಡವನು ಮಾತ್ರ ಮರುದಿನವೇ ಪ್ರಮಾಣಪತ್ರ ತೋರಿಸಿ ದಾಟಬಹುದಿತ್ತು, ಆ ಒಂದು ಡೋಸ್ ಇನ್ನೂ ಮೈಗೆ ಹತ್ತದೆ ಇದ್ದರೂ.

"ಸೋಂಕಿನಿಂದ ಗುಣವಾದವರು 3 ತಿಂಗಳು ಕಳೆದ ನಂತರ ಲಸಿಕೆ ಪಡೆಯಬೇಕು."

ಕೇಂದ್ರ ಆರೋಗ್ಯ ಇಲಾಖೆ 2021ರ ಮೇ 19ರಂದು ಒಪ್ಪಿಕೊಂಡ ತಜ್ಞರ ಸಲಹೆ. ಇಡೀ ತಕರಾರಿನ ಬೇರು ಇಲ್ಲಿದೆ, ಹಾಗಾಗಿ ಇದರ ಮುಂದೆ ಸ್ವಲ್ಪ ಹೊತ್ತು ಕೂಡುತ್ತೇನೆ.

'3 ತಿಂಗಳು' ಯಾಕೆ? ಗುಣವಾದವರ ಮೈಯಲ್ಲಿ ಆಗಲೇ ರಕ್ಷಣೆ ಇದೆ, ಅದು ಕೆಲ ತಿಂಗಳು ಕಾಯುತ್ತದೆ. ಲಸಿಕೆಗೆ ಬರ ಇದ್ದ ಆ ದಿನಗಳಲ್ಲಿ ಏನೂ ರಕ್ಷಣೆ ಇಲ್ಲದವರಿಗೆ ಅದು ಮೊದಲು ಸಿಗಲಿ ಎಂಬುದು ಬುದ್ಧಿವಂತ, ದಯೆಯ ತರ್ಕ. ನಾನೂ ಈ ಸಾಲನ್ನು ಒಪ್ಪಿ ಕಾದವನು. ಮೇ ತಿಂಗಳಲ್ಲಿ ನನಗೂ ಬಂದು ಹೋಗಿತ್ತು.

ಆದರೆ ಈ ಸಾಲಿನಲ್ಲಿ ಒಂದು ಒಪ್ಪಿಗೆ ಅಡಗಿದೆ: ಸೋಂಕು ಬಂದು ಹೋದದ್ದು ರಕ್ಷಣೆ ಎಂದು ಸರ್ಕಾರವೇ ಒಪ್ಪಿದೆ. ಲಸಿಕೆ ಕೊಡುವ ಸರದಿಯಲ್ಲಿ 'ನಿನಗೆ ರಕ್ಷಣೆ ಇದೆ, ಹಿಂದೆ ನಿಲ್ಲು' ಎಂದವರು, ಗಡಿಯ ಸರದಿಯಲ್ಲಿ 'ನಿನಗೆ ರಕ್ಷಣೆ ಇಲ್ಲ, ಪಕ್ಕಕ್ಕೆ ನಿಲ್ಲು' ಅಂದರೆ ಆ ಮನುಷ್ಯ ಎಲ್ಲಿ ನಿಲ್ಲಬೇಕು?

ದಿನ ಎಣಿಸಿ ನೋಡೋಣ. ಒಬ್ಬ ಮನುಷ್ಯ ಮೇ 20ರಂದು ಗುಣವಾದ. ಮೂರು ತಿಂಗಳು ಅಂದರೆ ಆಗಸ್ಟ್ 20ಕ್ಕೆ ಮೊದಲ ಡೋಸ್. ಆ ಹೊತ್ತಿಗೆ ಕೋವಿಶೀಲ್ಡಿನ ಎರಡು ಡೋಸುಗಳ ನಡುವಿನ ಅಂತರ ಕನಿಷ್ಠ 12 ವಾರ, ಅಂದರೆ 84 ದಿನ. ಎರಡನೆಯದು ನವೆಂಬರ್ 12ಕ್ಕೆ. 'ಪೂರ್ಣ ಲಸಿಕೆ' ಎನ್ನಿಸಿಕೊಳ್ಳಲು ಮತ್ತೆ 15 ದಿನ: ನವೆಂಬರ್ 27. ಒಂದು ದಿನವೂ ತಡಮಾಡದೆ, ಸರ್ಕಾರ ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಿದವನು ಆರು ತಿಂಗಳ ಮೇಲೆ ಏಳು ದಿನ ಕಾಗದದ ಮೇಲೆ ಅರೆಬರೆ ಮನುಷ್ಯ. ಅವನು ನಿಯಮ ಮುರಿದವನಲ್ಲ, ಪಾಲಿಸಿದವನು. ಕೊವ್ಯಾಕ್ಸಿನ್ ಸಿಕ್ಕವರ ಲೆಕ್ಕ ಚಿಕ್ಕದಾಗಿತ್ತು ನಿಜ, ಆದರೆ ಯಾವುದು ಬೇಕೆಂದು ಆರಿಸಿಕೊಳ್ಳುವ ಸ್ಥಿತಿ ಹಳ್ಳಿಯ ಆರೋಗ್ಯ ಕೇಂದ್ರದ ಮುಂದೆ ಬೆಳಗಿನಿಂದ ಪಾಳಿ ಹಚ್ಚಿದವರಿಗೆ ಎಲ್ಲಿತ್ತು?

"ಲಸಿಕೆ ಆಗಿದ್ದರೂ ನೆಗೆಟಿವ್ ವರದಿ ಕಡ್ಡಾಯ."

ಜುಲೈ ಕೊನೆಯಲ್ಲಿ ಕೇರಳ, ಮಹಾರಾಷ್ಟ್ರದವರಿಗೆ ಬಂದ ತಿದ್ದುಪಡಿ. ಇದರಿಂದ ಲಸಿಕೆಯವರ ಬಾಗಿಲೂ ಮುಚ್ಚಿತು. ಸಮಾನತೆ ಬಂತು ಎಂದರು ಕೆಲವರು. ಪಾಸಿಟಿವ್ ತುಣುಕು ಉಳಿದವರ ಪಾಲಿಗೆ ಏನೂ ಬದಲಾಗಲಿಲ್ಲ. ಮುಂದಿನ ಸಾಲಿಗೆ ಹೋಗೋಣ.

"ವಿದೇಶದಿಂದ ಬಂದವರಲ್ಲಿ ಪೂರ್ಣ ಲಸಿಕೆ ಆದವರು ನೇರ ಮನೆಗೆ ಹೋಗಬಹುದು. ಉಳಿದವರು 7 ದಿನ ಮನೆಯಲ್ಲೇ ಪ್ರತ್ಯೇಕವಾಗಿರಬೇಕು, 8ನೇ ದಿನ ಮರುಪರೀಕ್ಷೆ."

2021ರ ಅಕ್ಟೋಬರ್ 25ರಿಂದ ಜಾರಿಗೆ ಬಂದ ಕೇಂದ್ರದ ಮಾರ್ಗಸೂಚಿಯ ಸಾರ. ಮೊದಲ ಅನುಕೂಲ, ಲಸಿಕೆಯನ್ನು ಪರಸ್ಪರ ಒಪ್ಪಿಕೊಂಡ ದೇಶಗಳಿಂದ ಬಂದವರಿಗೆ. ಗಲ್ಫಿಗೆ ದುಡಿಯಲು ಹೋದವರು ಕಲಬುರಗಿಯಲ್ಲೂ ಇರುವುದರಿಂದ ಇದು ನಮ್ಮೂರಿನ ಸಾಲೂ ಹೌದು.

ಇಲ್ಲಿ 'ಉಳಿದವರು' ಎಂಬ ಪದವನ್ನು ಗಮನಿಸಬೇಕು. ಒಂದೂ ಡೋಸ್ ಪಡೆಯದ, ಸೋಂಕೂ ತಗಲದವನು, ಎರಡು ತಿಂಗಳ ಹಿಂದೆ ಸೋಂಕಿನಿಂದ ಎದ್ದವನು, ಗುಣವಾದ ಮೇಲೆ ಒಂದು ಡೋಸ್ ಪಡೆದವನು, ಮೂವರೂ ಒಂದೇ ಗಂಟಿಗೆ ಬಿದ್ದರು. ಬೇರೆ ದೇಶಗಳು ಬಿಡಿಸಿ ನೋಡಿದ್ದವು. ಯುರೋಪಿನ ಒಕ್ಕೂಟ 2021ರ ಜುಲೈ 1ರಿಂದ ಕೊಟ್ಟ ಡಿಜಿಟಲ್ ಪ್ರಮಾಣಪತ್ರದಲ್ಲಿ ಲಸಿಕೆ, ಪರೀಕ್ಷೆ, ಗುಣವಾದದ್ದು ಮೂರಕ್ಕೂ ಜಾಗವಿತ್ತು. ಗುಣವಾದವರಿಗೆ 180 ದಿನಗಳ ಮಿತಿ. ಅಮೆರಿಕ, ಹಿಂದಿನ 90 ದಿನಗಳಲ್ಲಿ ಸೋಂಕು ದೃಢಪಟ್ಟವರನ್ನು ಸಂಪರ್ಕಿತರ ಕ್ವಾರಂಟೈನಿನಿಂದ ಬಿಟ್ಟಿತ್ತು. ಬ್ರಿಟನ್ ಮಾತ್ರ ನಮ್ಮಂತೆ: 2021ರ ಆಗಸ್ಟ್ 16ರಿಂದ ಪೂರ್ಣ ಲಸಿಕೆ ಆದ ಸಂಪರ್ಕಿತರಿಗೆ ವಿನಾಯಿತಿ, ಬರೀ ಸೋಂಕಿನಿಂದ ಗುಣವಾದ ವಯಸ್ಕರಿಗೆ ಇಲ್ಲ. ಅದೇ ಬ್ರಿಟನ್ ಅಕ್ಟೋಬರ್ 4ರಿಂದ ಕೋವಿಶೀಲ್ಡ್ ಪಡೆದ ಭಾರತೀಯರನ್ನೂ 10 ದಿನ ಕೂಡಿಸಲು ಹೊರಟಾಗ ನಮ್ಮ ಸರ್ಕಾರ ಸರಿಯಾಗಿಯೇ ಸಿಟ್ಟಾಯಿತು, ಅಲ್ಲಿಂದ ಬರುವ ಬ್ರಿಟಿಷರಿಗೂ 10 ದಿನ ಹಾಕಿತು. ಒಂದೇ ವಾರದಲ್ಲಿ ಬ್ರಿಟನ್ ಬಗ್ಗಿತು. ಮೈಯಲ್ಲಿರುವ ರಕ್ಷಣೆಯನ್ನು ಕಾಗದದ ನೆಪದಲ್ಲಿ ಅಲ್ಲಗಳೆಯುವುದು ಅನ್ಯಾಯ ಎಂದು ನಾವೇ ವಾದಿಸಿ ಗೆದ್ದಿದ್ದೆವು. ಆ ವಾದವನ್ನು ನಮ್ಮ ಜನರ ಪರವಾಗಿ ನಮ್ಮೊಳಗೆ ಬಳಸಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಪೂರ್ವಪಕ್ಷವನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. ಸೋಂಕಿಗೆ ರಿಯಾಯಿತಿ ಕೊಟ್ಟರೆ ಜನ ಬೇಕೆಂದೇ ಸೋಂಕು ತಂದುಕೊಂಡಾರು ಎನ್ನುತ್ತದೆ ಅದು. ಎರಡನೇ ಅಲೆಯಲ್ಲಿ ಹಾಸಿಗೆಗೆ, ಆಮ್ಲಜನಕಕ್ಕೆ ಅಲೆದವರನ್ನು ಕಂಡ ಯಾರೂ ಈ ಭಯವನ್ನು ತಳ್ಳಿಹಾಕಲಾರರು. ಲಸಿಕೆಯ ದಾರಿ ಸುರಕ್ಷಿತ, ಸೋಂಕಿನ ದಾರಿ ಹೆಣ ಬೀಳುವ ದಾರಿ. ಇದರಲ್ಲಿ ನನಗೆ ಎರಡು ಮಾತಿಲ್ಲ, ನನ್ನ ಮನೆಯವರೆಲ್ಲ ಸರದಿ ಬಂದಾಗ ಚುಚ್ಚಿಸಿಕೊಂಡಿದ್ದೇವೆ. ಆದರೆ ಆಗಲೇ ಆ ದಾರಿಯಲ್ಲಿ ಬಿದ್ದು ಎದ್ದು ಬಂದವನನ್ನು 7 ದಿನ ಕೂಡಿಸುವುದರಿಂದ ಯಾರ ಸೋಂಕೂ ತಡೆಯುವುದಿಲ್ಲ. ಕ್ವಾರಂಟೈನ್ ಇರುವುದು ಹರಡುವಿಕೆ ತಡೆಯಲಿಕ್ಕೆ, ನಡತೆ ತಿದ್ದಲಿಕ್ಕಲ್ಲ. 2022ರ ಜನವರಿಯಲ್ಲಿ ಅಮೆರಿಕದ ಸಿಡಿಸಿ, ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕಿನ ಅಂಕಿಗಳನ್ನು ಪ್ರಕಟಿಸಿತು. ಡೆಲ್ಟಾ ಹಬ್ಬಿದ ಮೇಲೆ ಬರೀ ಲಸಿಕೆ ಆದವರಿಗಿಂತ ಮೊದಲೇ ಸೋಂಕಾದವರಲ್ಲಿ ಹೊಸ ಸೋಂಕು ಕಡಿಮೆ ಕಂಡಿತ್ತು. ಎರಡೂ ಆದವರು ಎಲ್ಲರಿಗಿಂತ ಗಟ್ಟಿ. ಒಮೈಕ್ರಾನ್ ಬಂದಾಗ ಎರಡೂ ಬಗೆಯ ಬೇಲಿಗಳು ಸಡಿಲವಾದವು.

'ಮನೆಯಲ್ಲೇ ಪ್ರತ್ಯೇಕವಾಗಿ' ಎಂಬುದಕ್ಕೆ ಪ್ರತ್ಯೇಕ ಟಿಪ್ಪಣಿ ಬೇಕು. ಕಲಬುರಗಿಯ ಹೊಸ ಬಡಾವಣೆಯ ಮನೆಯಲ್ಲಿ ಅದು ಮಹಡಿಯ ಕೋಣೆ. ತಾಂಡಾದಲ್ಲಿ ಒಂದೇ ಪಡಸಾಲೆಯಲ್ಲಿ ಆರು ಜನ ಮಲಗುವ ಮನೆಗೆ ಅದರ ಅರ್ಥ ಅಂಗಳದ ಬೇವಿನ ಮರ. ಏಳು ದಿನ ಅಂದರೆ ಏಳು ದಿನದ ಕೂಲಿ.

"ಈ ಆದೇಶ ಮುಂದಿನ ಆದೇಶದವರೆಗೆ ಜಾರಿಯಲ್ಲಿರುತ್ತದೆ."

ಹಲವು ಆದೇಶಗಳ ಕೊನೆಯಲ್ಲಿ ಬರುವ ಸಾಲು, ಯಾರೂ ಓದದ ಸಾಲು. ವಿಜ್ಞಾನ ತಿಂಗಳಿಗೊಮ್ಮೆ ಮಾತು ಬದಲಿಸುತ್ತಿದ್ದಾಗ ನಿಯಮ ಯಾವ ದಿನ ತನ್ನನ್ನು ತಾನು ಮತ್ತೆ ನೋಡಿಕೊಳ್ಳಬೇಕು ಎಂಬ ತಾರೀಖು ಇದರಲ್ಲಿಲ್ಲ. 2021ರ ಡಿಸೆಂಬರಿನ ಮೊದಲ ವಾರ ರಾಜ್ಯ ಸರ್ಕಾರ ಮಾಲ್, ಸಿನಿಮಾ ಮಂದಿರಗಳಿಗೆ ಎರಡು ಡೋಸ್ ಕಡ್ಡಾಯ ಮಾಡಿತು. ವಿದೇಶದಿಂದ ಬಂದವರ 7 ದಿನ ಹೋದದ್ದು 2022ರ ಫೆಬ್ರುವರಿ 14ಕ್ಕೆ. 2022ರ ಮೇ 2ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ, ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಲಸಿಕಾ ನೀತಿಯನ್ನು ಎತ್ತಿಹಿಡಿಯಿತು. ಆದರೆ ಲಸಿಕೆ ಪಡೆಯದವರಿಂದ ಹರಡುವ ಅಪಾಯ ಪಡೆದವರಿಗಿಂತ ಹೆಚ್ಚೆಂದು ತೋರಿಸುವ ಆಧಾರವನ್ನು ಸರ್ಕಾರಗಳು ಮುಂದಿಟ್ಟಿಲ್ಲ, ಹಾಗಾಗಿ ಅವರ ಮೇಲಿನ ನಿರ್ಬಂಧಗಳು ಅಳತೆ ಮೀರಿದವು ಎಂದಿತು. ತೀರ್ಪು ಬರುವ ಹೊತ್ತಿಗೆ ಹೆಚ್ಚಿನ ನಿರ್ಬಂಧಗಳು ತಾವಾಗಿಯೇ ಸವೆದು ಹೋಗಿದ್ದವು.

ಕಾಗದದ ಮಾತಿಗೆ ಮತ್ತೆ ಬರುತ್ತೇನೆ. 2021ರ ಜೂನ್, ಜುಲೈನಲ್ಲಿ ಐಸಿಎಂಆರ್ ನಡೆಸಿದ ರಕ್ತ ಸಮೀಕ್ಷೆಯಲ್ಲಿ ಕರ್ನಾಟಕದ ಶೇಕಡಾ 69.8ರಷ್ಟು ಜನರ ಮೈಯಲ್ಲಿ ಪ್ರತಿಕಾಯ ಸಿಕ್ಕಿತು. ಅದರಲ್ಲಿ ಲಸಿಕೆಯ ಪಾಲೂ ಇತ್ತು, ಆದರೆ ಬಹುಪಾಲು ಗೊತ್ತಿಲ್ಲದೆ ಬಂದು ಹೋದದ್ದು. ಎಸ್‌ಆರ್‌ಎಫ್ ನಂಬರ್ (ಪರೀಕ್ಷೆಗೆ ಮಾದರಿ ಕೊಟ್ಟಾಗ ಸಿಗುತ್ತಿದ್ದ ಸಂಖ್ಯೆ) ಇದ್ದ ನನ್ನಂಥವರ ಬಳಿ ಕೊನೇಪಕ್ಷ ಒಂದು ವರದಿ ಇತ್ತು. ಕಷಾಯ ಕುಡಿದು, ಮೆಡಿಕಲ್ ಅಂಗಡಿಯ ಜ್ವರದ ಗುಳಿಗೆ ನುಂಗಿ ಎದ್ದವರ ಬಳಿ ಅದೂ ಇಲ್ಲ. ಹಾಗಾಗಿ ಗುಣವಾದವರಿಗೆ ಮೂರನೆಯ ಬಾಗಿಲು ತೆರೆದಿದ್ದರೂ ಅದರಿಂದ ಮೊದಲು ಒಳಬರುತ್ತಿದ್ದವರು ನನ್ನಂಥವರೇ.

ಆದ್ದರಿಂದ 'ಉಳಿದವರು' ಎಂದ ಆ ನಾಲ್ಕನೆಯ ಸಾಲನ್ನು ನಾನು ತಿದ್ದುವುದಾದರೆ ಹೀಗೆ ಬರೆಯುತ್ತೇನೆ: "ಹಿಂದಿನ 180 ದಿನಗಳಲ್ಲಿ ಲಸಿಕೆ ಪೂರ್ಣಗೊಂಡವರು, ಅದೇ ಅವಧಿಯಲ್ಲಿ ಸೋಂಕಿನಿಂದ ಗುಣವಾದವರು ಪ್ರತ್ಯೇಕವಾಗಿರಬೇಕಿಲ್ಲ. ಉಳಿದವರು ಇರಬೇಕು, ಇದ್ದಷ್ಟು ದಿನದ ಕೂಲಿ ಮತ್ತು ರೇಷನ್ ಅವರ ಮನೆಬಾಗಿಲಿಗೆ ತಲುಪಬೇಕು. ಈ ಆದೇಶವನ್ನು 60ನೇ ದಿನ ಮರುಪರಿಶೀಲಿಸಬೇಕು."