‘ಕಾಬೂಲಿವಾಲಾ’ ಕತೆಯ ನಿರೂಪಕ: ಕುತೂಹಲದಿಂದ ತಾದಾತ್ಮ್ಯದವರೆಗೆ

ರವೀಂದ್ರನಾಥ ಠಾಕೂರರ ‘ಕಾಬೂಲಿವಾಲಾ’ (1892) ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವವರು ರಹಮತ ಮತ್ತು ಮಿನಿ. 1957ರಲ್ಲಿ ತಪನ್ ಸಿನ್ಹಾ ಬಂಗಾಳಿಯಲ್ಲಿ, 1961ರಲ್ಲಿ ಹೇಮೇನ್ ಗುಪ್ತಾ ಹಿಂದಿಯಲ್ಲಿ ನಿರ್ದೇಶಿಸಿದ ಚಲನಚಿತ್ರಗಳು ಈ ರೂಢಿಯನ್ನು ಇನ್ನಷ್ಟು ಗಟ್ಟಿಗೊಳಿಸಿವೆ. ಆದರೆ ಮೂಲ ಕತೆಯನ್ನು ಹೇಳುತ್ತಿರುವುದು ಮಿನಿಯ ತಂದೆ. ರಹಮತನ ವಾತ್ಸಲ್ಯ ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾಗಿದೆ. ನಿಜಕ್ಕೂ ಬದಲಾಗುವವನು ಈ ‘ನಾನು’. ಹೀಗಾಗಿ ಕತೆಯ ಚಲನೆಯನ್ನು ಅವನಲ್ಲಿಯೇ ಹುಡುಕಬೇಕಾಗುತ್ತದೆ.

ನಿರೂಪಕ ಒಬ್ಬ ಕಾದಂಬರಿಕಾರ. ಕತೆ ತೆರೆದಾಗ ಆತ ತನ್ನ ಕೃತಿಯ ಹದಿನೇಳನೆಯ ಅಧ್ಯಾಯದಲ್ಲಿದ್ದಾನೆ. ಅವನ ನಾಯಕ ಕತ್ತಲ ರಾತ್ರಿಯಲ್ಲಿ ನಾಯಕಿಯೊಡನೆ ಸೆರೆಮನೆಯ ಎತ್ತರದ ಕಿಟಕಿಯಿಂದ ನದಿಗೆ ಧುಮುಕುತ್ತಿದ್ದಾನೆ. ಕಲ್ಕತ್ತೆಯ ತನ್ನ ಮೂಲೆಯನ್ನು ಬಿಟ್ಟು ಕದಲದ ಈ ಮನುಷ್ಯನಿಗೆ ರಹಮತ ಮೊದಲು ಒದಗುವುದು ಕೂತಲ್ಲಿಯೇ ದೇಶಾಟನೆ ಮಾಡಿಸುವ ಸಾಧನವಾಗಿ. ಬೆಟ್ಟದ ಕಣಿವೆ, ಒಂಟೆಗಳ ಸಾಲು, ಪೇಟ ಸುತ್ತಿದ ವರ್ತಕರು ಎಲ್ಲವೂ ಅವನ ಕಲ್ಪನೆಯಲ್ಲಿ ಮೂಡುತ್ತವೆ. ಇದು ಸಹಾನುಭೂತಿಯಲ್ಲ, ಕುತೂಹಲ. ಹೆಂಡತಿ ಮಕ್ಕಳ ಕಳ್ಳರ ಭಯವನ್ನು ಆಡಿದಾಗ ಆತ ನಕ್ಕು ತಳ್ಳಿಹಾಕುತ್ತಾನೆ. ಆ ಔದಾರ್ಯಕ್ಕೆ ಅವನು ಏನನ್ನೂ ತೆರಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು.

ತೆರಬೇಕಾದ ಸಂದರ್ಭ ಬಂದಾಗ ಆತ ಹಿಂಜರಿಯುತ್ತಾನೆ. ಸಾಲಕ್ಕೆ ಕೊಂಡ ಶಾಲಿನ ಹಣವನ್ನು ಕೊಡಬೇಕಾಗಿಯೇ ಇಲ್ಲವೆಂದ ಗಿರಾಕಿಯನ್ನು ಇರಿದು ರಹಮತ ಜೈಲಿಗೆ ಹೋಗುತ್ತಾನೆ. ಆ ವರ್ಷಗಳಲ್ಲಿ ಅವನನ್ನು ತಾನು ಮರೆತೇಬಿಟ್ಟಿದ್ದೆನೆಂದು ನಿರೂಪಕ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಮಿನಿಯ ಮದುವೆಯ ಬೆಳಿಗ್ಗೆ ರಹಮತ ಬಾಗಿಲಲ್ಲಿ ಕಾಣಿಸಿಕೊಂಡಾಗ ಅವನಿಗೆ ಮೊದಲು ಹುಟ್ಟುವುದು ಅಳುಕು. ಇಂಥ ಶುಭದಿನದಂದು ಇವನು ಇಲ್ಲಿಂದ ಹೋದರೆ ಸಾಕು ಎಂಬ ಭಾವ. ಕಾಗದದ ಮೇಲೆ ಸೆರೆಮನೆಯನ್ನು ಅಷ್ಟು ರಮ್ಯವಾಗಿ ಕಟ್ಟಿದವನು ಸೆರೆಮನೆಯಿಂದ ಬಂದವನನ್ನು ಹೊಸ್ತಿಲಿನಿಂದಲೇ ಸಾಗಹಾಕುತ್ತಾನೆ. ಠಾಕೂರರು ಈ ವೈದೃಶ್ಯಕ್ಕೆ ಬೆರಳು ತೋರಿಸುವುದಿಲ್ಲ. ಅದನ್ನು ಓದುಗನಿಗೇ ಬಿಟ್ಟಿದ್ದಾರೆ.

ಮನಃಪರಿವರ್ತನೆಯ ಗಳಿಗೆ ಸುಪರಿಚಿತವಾದುದು. ಮಿನಿಗೆಂದು ತಂದ ದ್ರಾಕ್ಷಿ, ಬಾದಾಮಿಗಳಿಗೆ ನಿರೂಪಕ ಹಣ ಕೊಡಹೋದಾಗ ರಹಮತ ಅವನ ಕೈಹಿಡಿದು ತಡೆಯುತ್ತಾನೆ; ತಾನು ವ್ಯಾಪಾರಕ್ಕೆ ಬಂದವನಲ್ಲ ಎನ್ನುತ್ತಾನೆ; ಎದೆಯ ಬಳಿಯಿಂದ ಮಾಸಿದ ಕಾಗದವೊಂದನ್ನು ತೆಗೆದು ಬಿಡಿಸುತ್ತಾನೆ. ಅದರಲ್ಲಿರುವುದು ಚಿತ್ರವಲ್ಲ, ಮಸಿ ಹಚ್ಚಿ ಒತ್ತಿಸಿಕೊಂಡ ಪುಟ್ಟ ಕೈಯ ಗುರುತು. ಅವನೂ ತಂದೆ, ತಾನೂ ತಂದೆ ಎಂಬ ಅರಿವಿನಲ್ಲಿ ಕುಲೀನ ಬಂಗಾಳಿ ಮತ್ತು ಮೇವಾ ಮಾರುವವನ ನಡುವಿನ ಅಂತರ ಅಳಿಸಿಹೋಗುತ್ತದೆ. ಬಹುಪಾಲು ವಿಮರ್ಶೆ ಇಲ್ಲಿಗೇ ತೃಪ್ತವಾಗುತ್ತದೆ.

ನನಗೆ ಮುಖ್ಯವೆನಿಸುವುದು ಇಲ್ಲಿ ನಿರೂಪಕ ಬಳಸುವ ಒಂದು ಪದ. ಬೆಟ್ಟದ ಮನೆಯಲ್ಲಿರುವ ಆ ಅಫ್ಘನ್ ಬಾಲೆಯನ್ನು ಆತ ‘ಪಾರ್ವತಿ’ ಎಂದು ಕರೆಯುತ್ತಾನೆ. ಮುಸಲ್ಮಾನನ ಮಗಳಿಗೆ ಈ ಹೆಸರೇಕೆ? ಕತೆಯಲ್ಲಿ ಮಿನಿಯ ಮದುವೆ ನಿಶ್ಚಯವಾಗಿರುವುದು ದುರ್ಗಾಪೂಜೆಯ ರಜೆಯಲ್ಲಿ. ಕೈಲಾಸಕ್ಕೆ ಮರಳುವ ದೇವಿಯೊಡನೆ ತನ್ನ ಮಗಳೂ ತಂದೆಯ ಮನೆಯನ್ನು ಕತ್ತಲೆಗೊಳಿಸಿ ಹೊರಡುತ್ತಾಳೆಂದು ನಿರೂಪಕ ಮೊದಲೇ ಹೇಳಿರುತ್ತಾನೆ. ಗೌರಿಯನ್ನು ತವರಿಗೆ ಬಂದ ಮಗಳೆಂದು ಬಾಗಿನ ಕೊಟ್ಟು ಕಳುಹಿಸುವ ನಮಗೆ ಈ ಭಾವ ವಿವರಿಸಬೇಕಾದುದಲ್ಲ. ಅನ್ಯನ ಮಗಳನ್ನು ತನ್ನ ಪುರಾಣದೊಳಕ್ಕೆ ಬರಮಾಡಿಕೊಳ್ಳುವುದು ಅವನಿಗೆ ಗೊತ್ತಿರುವ ಅತ್ಯಂತ ಆತ್ಮೀಯ ಸ್ವೀಕಾರ. ಆದರೆ ಆಕೆಯ ನಿಜವಾದ ಹೆಸರನ್ನು ಅವನು ಕೇಳುವುದೇ ಇಲ್ಲ. ಇದು ಆಕ್ರಮಣವೆಂದು ಇಂದಿನ ಕೆಲವರು ವಾದಿಸಬಹುದು. ನಾನು ಅಷ್ಟು ದೂರ ಹೋಗಲಾರೆ. ಆದರೂ ಅವನ ತಾದಾತ್ಮ್ಯಕ್ಕೆ ಇದೊಂದು ಮಿತಿ ಎಂಬುದನ್ನು ಅಲ್ಲಗಳೆಯಲಾಗದು.

ಕತೆ ಈ ಮಿತಿಯನ್ನು ದಾಟುವುದು ಮುಂದಿನ ದೃಶ್ಯದಲ್ಲಿ. ಮದುವಣಗಿತ್ತಿಯಾಗಿ ಬಂದ ಮಿನಿಯನ್ನು ಕಂಡು ಗಲಿಬಿಲಿಗೊಂಡ ರಹಮತ ಹಳೆಯ ‘ಮಾವನ ಮನೆ’ಯ ಮಾತನ್ನೇ ಎತ್ತುತ್ತಾನೆ. ಆ ಪದಕ್ಕೆ ಜೈಲು ಎಂಬ ಗೇಲಿಯ ಅರ್ಥ ಕನ್ನಡದ ಆಡುಮಾತಿನಲ್ಲಿಯೂ ಉಂಟು. ಮಿನಿ ನಾಚಿ ನಿರುತ್ತರಳಾಗುತ್ತಾಳೆ. ಆಕೆ ಹೋದಮೇಲೆ ರಹಮತ ನೆಲದ ಮೇಲೆ ಕುಸಿದು ಕೂರುತ್ತಾನೆ: ಈ ಎಂಟು ವರ್ಷಗಳಲ್ಲಿ ತನ್ನ ಮಗಳೂ ಬೆಳೆದಿರಬೇಕು, ಏನಾಗಿದ್ದಾಳೋ! ಇಲ್ಲಿ ಇಬ್ಬರು ತಂದೆಯರು ಸಮಾನರಲ್ಲ. ಒಬ್ಬನು ಮಗಳನ್ನು ಶಹನಾಯಿಯೊಡನೆ ಬೀಳ್ಕೊಡುತ್ತಿದ್ದಾನೆ. ಇನ್ನೊಬ್ಬನ ಮಗಳ ಬಾಲ್ಯ ಅವನ ಕಣ್ಣಿಗೆ ಬೀಳದೆಯೇ ಮುಗಿದುಹೋಗಿದೆ. ನಿರೂಪಕ ಈ ವ್ಯತ್ಯಾಸವನ್ನು ಕಾಣುತ್ತಾನೆ. ಕತೆಯ ಆರಂಭದಲ್ಲಿ ಅವನ ಹಗಲುಗನಸಿನ ಸರಕಾಗಿದ್ದ ಬೆಟ್ಟಗಳು ಮತ್ತೆ ಬರುತ್ತವೆ. ಈಗ ಅವುಗಳನ್ನು ನೋಡುತ್ತಿರುವವನು ಕಲ್ಕತ್ತೆಯ ಗಲ್ಲಿಯಲ್ಲಿ ಕುಳಿತ ರಹಮತ. ನಿರೂಪಕ ನೋಡುವುದು ರಹಮತನನ್ನು.

ಆಮೇಲೆ ಆತ ಒಂದು ನೋಟನ್ನು ಕೊಟ್ಟು ಊರಿಗೆ ಹೋಗೆನ್ನುತ್ತಾನೆ. ಅದರಿಂದಾಗಿ ಮದುವೆಯ ವಿದ್ಯುದ್ದೀಪಗಳೂ ವಾದ್ಯವೂ ಖರ್ಚಿನ ಪಟ್ಟಿಯಿಂದ ಬಿದ್ದುಹೋಗುತ್ತವೆ. ಮನೆಯ ಹೆಂಗಸರು ಅಸಮಾಧಾನಗೊಳ್ಳುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆ ರಹಮತ ನಿರಾಕರಿಸಿದ್ದ ಹಣ ಈಗ ಅವನ ಕೈಸೇರುತ್ತದೆ. ಆಗ ಅದು ಹಣ್ಣಿನ ಬೆಲೆಯಾಗಿತ್ತು.