ಹನಿಯ ಕ್ಷಣ, ಕೋಣೆಯ ಗಾಳಿ

ಕಟ್ಟಡದೊಳಗೆ ಸೋಂಕು ಒಬ್ಬನಿಂದ ಇನ್ನೊಬ್ಬನಿಗೆ ಹೇಗೆ ಸಾಗುತ್ತದೆಂಬುದು ವೈದ್ಯರಿಗೂ ಭೌತವಿಜ್ಞಾನಿಗಳಿಗೂ ಸೇರಿದ ಪ್ರಶ್ನೆಯೆಂದು ತೋರಬಹುದು. ಆದರೆ ದೊಡ್ಡಬಳ್ಳಾಪುರದ ನೆರೆಯ ಬಾಶೆಟ್ಟಿಹಳ್ಳಿಯಂತಹ ಕೈಗಾರಿಕಾ ನೆಲೆಯಲ್ಲಿ, ಹಲವರು ಒಂದೇ ಸೂರಿನಡಿ ಪಾಳಿಯ ಮೇಲೆ ದುಡಿಯುವ ಕಡೆ, ಮುನ್ನೆಚ್ಚರಿಕೆಯ ಸ್ವರೂಪವನ್ನು ನಿರ್ಧರಿಸುವುದು ಈ ಪ್ರಶ್ನೆಯ ಉತ್ತರವೇ. ಆದುದರಿಂದ ಈ ಸಂಶೋಧನೆಯ ಚರಿತ್ರೆಯನ್ನು ನಾವು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಪ್ತರ್ಷಿ ಬಸು ಅವರೂ ಅವರ ಸಹೋದ್ಯೋಗಿಗಳೂ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಮನನೀಯವಾದುದು. ಕೆಮ್ಮಿನ ದೊಡ್ಡ ಹನಿಯು ಒಂದೇ ಪದರದ ಮುಖಗವಸಿಗೆ ಬಡಿದಾಗ ಒಡೆದು, ಸಣ್ಣ ಹನಿಗಳಾಗಿ ಆಚೆಗೆ ಸಿಡಿಯುವುದೆಂದು ಅವರು ತೋರಿಸಿದರು. ಒಂದು ಪದರವು ದ್ರವದ ಸುಮಾರು ಶೇಕಡ 30ರಷ್ಟನ್ನು ಮಾತ್ರ ತಡೆಯಿತು. ಎರಡು ಪದರಗಳು ಸುಮಾರು ಶೇಕಡ 91ರಷ್ಟನ್ನು ತಡೆದುವು. ಪ್ರಯೋಗದ ಸ್ಪಷ್ಟತೆ ಪ್ರಶಂಸಾರ್ಹವೇ ಸರಿ. ಆದರೆ ಅದು ಅಳೆದುದು ಹನಿಯ ಒಂದು ಕ್ಷಣವನ್ನು. ಕೋಣೆಯ ಗಾಳಿಯಲ್ಲಿ ಕಳೆಯುವ ಇಡೀ ಪಾಳಿಯನ್ನಲ್ಲ.

ಆ ಎರಡನೆಯ ಪ್ರಶ್ನೆಯನ್ನು ಎತ್ತಿಕೊಂಡವರು ಅಮೆರಿಕದ ವಿಲಿಯಂ ವೆಲ್ಸ್. ಸಣ್ಣ ಹನಿಯು ನೆಲಕ್ಕೆ ಬೀಳುವ ಮೊದಲೇ ಆರಿ, ಅದರ ಶೇಷವು ಗಾಳಿಯಲ್ಲಿ ಬಹು ಹೊತ್ತು ತೇಲುವುದೆಂದು ಅವರು 1934ರಲ್ಲಿ ಪ್ರತಿಪಾದಿಸಿದರು. ಮುಂದೆ ಫಿಲಡೆಲ್ಫಿಯದ ಶಾಲೆಗಳಲ್ಲಿ ನೇರಳಾತೀತ ದೀಪಗಳನ್ನು ಇರಿಸಿದರು. 1941ರ ದಡಾರದ ಹಾವಳಿಯಲ್ಲಿ ದೀಪವಿದ್ದ ತರಗತಿಗಳಲ್ಲಿ ರೋಗವು ಬಹಳ ಕಡಮೆಯಾಗಿ ಹರಡಿತು. ನ್ಯೂಯಾರ್ಕ್ ಪ್ರಾಂತದ ಗ್ರಾಮೀಣ ಶಾಲೆಗಳಲ್ಲಿಯಾದರೋ ಇಂತಹುದೇ ಪ್ರಯೋಗವು ಅಷ್ಟು ಫಲ ಕೊಡಲಿಲ್ಲ. ಅಲ್ಲಿಯ ಮಕ್ಕಳು ಒಂದೇ ಬಸ್ಸಿನಲ್ಲಿ ಕೂಡಿ ಬರುತ್ತಿದ್ದರು. ದೀಪಗಳಿದ್ದುದು ಶಾಲೆಯಲ್ಲಿ, ಬಸ್ಸಿನಲ್ಲಲ್ಲ. ಆದರೂ ಅನೇಕರು ಈ ವೈಫಲ್ಯವನ್ನು ವೆಲ್ಸರ ವಾದಕ್ಕೇ ಪ್ರತಿಕೂಲವಾದ ಸಾಕ್ಷ್ಯವೆಂದು ಎಣಿಸಿದರು.

ದೋಷವಿದ್ದುದು ಪ್ರಯೋಗದಲ್ಲಲ್ಲ, ಸಾಕ್ಷ್ಯವನ್ನು ಓದಿದ ಬಗೆಯಲ್ಲಿ. ಗಾಳಿಯ ಮೂಲಕ ಸೋಂಕು ಹರಡುವುದು ಅಪರೂಪವೆಂಬ ಹಳೆಯ ನಂಬಿಕೆಗೆ ಇದರಿಂದ ಬಲ ಬಂದಿತು. ಆ ನಂಬಿಕೆಯ ಬೆಲೆಯನ್ನು ನಮ್ಮ ಕಾಲವೇ ತೆರಬೇಕಾಯಿತು. 2020ರ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಗಾಳಿಯಿಂದ ಹರಡುವುದಿಲ್ಲವೆಂದು ಸಾರಿತು. 2021ರಲ್ಲಿ ಆ ನಿಲುವನ್ನು ತಿದ್ದಿಕೊಂಡಿತು. ನಡುವಣ ಅವಧಿಯಲ್ಲಿ ಕೈ ತೊಳೆಯಿರೆಂಬ ಮಾತು ಕೇಳಿಬಂದಷ್ಟು ಗಟ್ಟಿಯಾಗಿ ಕಿಟಕಿ ತೆರೆಯಿರೆಂಬ ಮಾತು ಕೇಳಿಬರಲಿಲ್ಲ.

ಕಾರ್ಮಿಕನ ದಿನವು ಕಾರ್ಖಾನೆಯ ಬಾಗಿಲಲ್ಲಿ ಆರಂಭವಾಗುವುದಿಲ್ಲ, ಅಲ್ಲಿಯೇ ಮುಗಿಯುವುದೂ ಇಲ್ಲ. ಬಸ್ಸು, ಊಟದ ಮನೆ, ನಾಲ್ವರು ಹಂಚಿಕೊಂಡ ಬಾಡಿಗೆಯ ಕೋಣೆ, ಇವೆಲ್ಲವೂ ಅದರ ಭಾಗವೇ. ಹನಿಯನ್ನು ಅಳೆದ ವಿದ್ವಾಂಸರಿಗೆ ನಾವು ಕೃತಜ್ಞರು. ಇನ್ನು ಅಳೆಯಬೇಕಾದುದು ಆ ದಿನದುದ್ದದ ಗಾಳಿಯನ್ನು.